ಒಂದೇ ಬಂದರಿಗೆ ನಾಲ್ಕು ದೀಪಸ್ತಂಭ ಯಾಕೆ ಬೇಕಾಯ್ತು?

ಪ್ರಶ್ನೆ: ರಜೆಯಲ್ಲಿ ಮಗಳನ್ನು ಕರೆದುಕೊಂಡು ಚೆನ್ನೈಗೆ ಹೋಗಿದ್ದೆವು. ಮರೀನಾ ಬೀಚಿನ ಲೈಟ್‌ಹೌಸ್ ಹತ್ತಿದೆವು, ಅದೂ ಲಿಫ್ಟಿನಲ್ಲಿ. ಆಮೇಲೆ ಆಟೋದವರು ಹೈಕೋರ್ಟ್ ತೋರಿಸಿ, ಆ ಗುಮ್ಮಟವೂ ಮೊದಲು ಲೈಟ್‌ಹೌಸ್ ಆಗಿತ್ತು, ಪಕ್ಕದಲ್ಲಿರುವ ಕಲ್ಲಿನ ಕಂಬ ಅದಕ್ಕಿಂತ ಹಳೇ ಲೈಟ್‌ಹೌಸ್ ಅಂದರು. ಒಂದೇ ಊರಿಗೆ ಇಷ್ಟೊಂದು ಯಾಕೆ? ಅಷ್ಟು ಚಿಕ್ಕ ಬಲ್ಬಿನ ಬೆಳಕು 50 ಕಿಲೋಮೀಟರ್ ಹೋಗುವುದು ಹೇಗೆ? ಎಲ್ಲರ ಕೈಯಲ್ಲೂ ಜಿಪಿಎಸ್ ಇರುವಾಗ ಇದನ್ನು ಇನ್ನೂ ಯಾಕೆ ಉರಿಸುತ್ತಾರೆ?

ಉತ್ತರ: ಆಟೋದವರು ಹೇಳಿದ್ದು ನಿಜ. ಆದರೆ ಒಂದನ್ನು ಬಿಟ್ಟಿದ್ದಾರೆ. ಮೊದಲನೆಯದು ಸೇಂಟ್ ಜಾರ್ಜ್ ಕೋಟೆಯೊಳಗೆ ಇತ್ತು, ಈಗ ಮ್ಯೂಸಿಯಂ ಇರುವ ಕಟ್ಟಡದ ಮಾಳಿಗೆ ಮೇಲೆ. 1796ರಲ್ಲಿ ಅಲ್ಲಿ ದೀಪ ಹಚ್ಚಿದರು. ಎರಡನೆಯದು ನೀವು ನೋಡಿದ ಕಂಬ, 1844ರದ್ದು. ಮೂರನೆಯದು ಹೈಕೋರ್ಟಿನ ಗುಮ್ಮಟ, 1894ರದ್ದು. ನೀವು ಹತ್ತಿದ್ದು ನಾಲ್ಕನೆಯದು, 1977ರದ್ದು.

ನನಗೆ ಇದರಲ್ಲಿ ಎಲ್ಲಕ್ಕಿಂತ ಮಜಾ ಅನ್ನಿಸುವುದು ಒಂದು ಸಂಗತಿ. ಮದರಾಸಿಗೆ ದೀಪ ಬಂದಾಗ ಬಂದರೇ ಇರಲಿಲ್ಲ! ಹಡಗುಗಳು ದಡದಿಂದ ದೂರ, ತೆರೆದ ಕಡಲಲ್ಲೇ ಲಂಗರು ಹಾಕುತ್ತಿದ್ದವು. ದಡದ ಹತ್ತಿರ ಅಲೆ ಎಷ್ಟು ಜೋರಾಗಿ ಒಡೆಯುತ್ತಿತ್ತು ಅಂದರೆ ಹಡಗಿನ ಸ್ವಂತ ದೋಣಿಗಳು ಅಲ್ಲಿ ಉಳಿಯುತ್ತಿರಲಿಲ್ಲ. ಹಾಗಾಗಿ ಜನರನ್ನೂ ಸಾಮಾನನ್ನೂ ಇಳಿಸುವುದಕ್ಕೆ ಸ್ಥಳೀಯರ ಮಸೂಲಾ ದೋಣಿಯೇ ಬೇಕು. ಹಲಗೆಗೆ ಹಲಗೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದ ದೋಣಿ ಅದು, ಒಂದು ಮೊಳೆಯೂ ಇಲ್ಲ. ಅಲೆ ಬಡಿದಾಗ ಮೊಳೆ ಹೊಡೆದ ದೋಣಿ ಬಿರುಕು ಬಿಡುತ್ತದೆ, ಹೊಲಿದ ದೋಣಿ ಬಳುಕುತ್ತದೆ. ದೊಡ್ಡ ಸಾಹೇಬರಾದರೂ ಅದರಲ್ಲೇ ಕೂತು, ನೆನೆದು ತೊಪ್ಪೆಯಾಗಿ ಮದರಾಸಿಗೆ ಇಳಿಯಬೇಕಿತ್ತು.

ಬಂದರಿಲ್ಲದ ಊರಿಗೆ ದೀಪ ಯಾಕೆ ಅಂತ ಕೇಳಬಹುದು. ನಮ್ಮ ಪಶ್ಚಿಮ ಕರಾವಳಿ ನೋಡಿದವರಿಗೆ ಇದು ತಕ್ಷಣ ಹೊಳೆಯುವುದಿಲ್ಲ. ಇಲ್ಲಿ ಕಡಲಿನಿಂದ ನೋಡಿದರೆ ಹಿಂದೆ ಘಟ್ಟದ ಸಾಲು ಕಾಣುತ್ತದೆ, ಗುಡ್ಡದ ಆಕಾರ ನೋಡಿಯೇ ಹಳಬರು ಇದು ಇಂಥ ಊರು ಅಂತ ಹೇಳಿಬಿಡುತ್ತಾರೆ. ಕೋರಮಂಡಲ ತೀರ ಹಾಗಲ್ಲ. ಮರಳು, ತಾಳೆಮರ, ಮತ್ತೆ ಮರಳು. ಹಗಲಲ್ಲೇ ಗುರುತು ಸಿಗುವುದು ಕಷ್ಟ. ರಾತ್ರಿ ಊರು ದಾಟಿ ಮುಂದೆ ಹೋದರೆ ಉತ್ತರಕ್ಕೆ ಪುಲಿಕಾಟ್ ಹತ್ತಿರ ನೀರಿನಡಿ ಮರಳು ದಿಬ್ಬಗಳು ಕಾಯುತ್ತಿರುತ್ತವೆ. ಅದಕ್ಕೇ ಕೋಟೆಯ ಮಾಳಿಗೆ ಮೇಲೆ ಕೊಬ್ಬರಿ ಎಣ್ಣೆಯ ದೀಪ ಇಟ್ಟರು. "ಮದರಾಸು ಇಲ್ಲಿದೆ, ಇಲ್ಲೇ ನಿಲ್ಲಿ" ಅಂತ ಹೇಳುವುದಷ್ಟೇ ಅದರ ಕೆಲಸ.

ಈ ಮಾತು ನೆನಪಿಟ್ಟುಕೊಳ್ಳಿ, ಮುಂದಿನದ್ದೆಲ್ಲ ಇದರ ಮೇಲೇ ನಿಂತಿದೆ. ದೀಪಸ್ತಂಭದ ಬೆಳಕಿನಲ್ಲಿ ಹಡಗಿನವನಿಗೆ ಏನೂ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಅದು ತನ್ನ ಹೆಸರು ಹೇಳುತ್ತದೆ. ಆ ಹೆಸರು ಎಷ್ಟು ದೂರಕ್ಕೆ ಕೇಳಿಸಬೇಕು, ಮತ್ತು ಬೇರೆ ಹೆಸರಿನ ಜೊತೆ ಕಲಸಿಹೋಗದ ಹಾಗೆ ಹೇಗೆ ನೋಡಿಕೊಳ್ಳಬೇಕು ಅನ್ನುವುದೇ ಇನ್ನೂರು ಚಿಲ್ಲರೆ ವರ್ಷದ ಕಥೆ.

ಮೊದಲು ದೂರದ ವಿಷಯ. ಭೂಮಿ ಗುಂಡಗಿದೆ, ಬೆಳಕು ಹೆಚ್ಚುಕಡಿಮೆ ನೇರ ಹೋಗುತ್ತದೆ. ಎಷ್ಟೇ ಪ್ರಖರ ದೀಪ ಇಟ್ಟರೂ ಒಂದು ದೂರದ ಆಚೆ ಅದು ಕಡಲಿನ ಉಬ್ಬಿನ ಹಿಂದೆ ಮುಳುಗುತ್ತದೆ. ನಾವು ಹಾಕುವ ಲೆಕ್ಕ ಸುಲಭ: ದೀಪದ ಎತ್ತರವನ್ನು ಮೀಟರಿನಲ್ಲಿ ತಗೊಳ್ಳಿ, ಅದರ ವರ್ಗಮೂಲವನ್ನು 2.08ರಿಂದ ಗುಣಿಸಿ, ನಾಟಿಕಲ್ ಮೈಲಿನಲ್ಲಿ ಉತ್ತರ ಬರುತ್ತದೆ. ನೋಡುವವನ ಕಣ್ಣಿನ ಎತ್ತರಕ್ಕೂ ಹಾಗೇ ಮಾಡಿ ಎರಡನ್ನೂ ಕೂಡಿಸಿ. ಒಂದು ನಾಟಿಕಲ್ ಮೈಲು ಅಂದರೆ 1,852 ಮೀಟರ್. ಮರೀನಾ ಗೋಪುರದ ದೀಪ ನೀರಿನಿಂದ ಸುಮಾರು 57 ಮೀಟರ್ ಮೇಲಿದೆ, ಅದಕ್ಕೆ ಹತ್ತಿರಹತ್ತಿರ 16 ಮೈಲು ಬಂತು. ಕಟ್ಟುಮರದಲ್ಲೋ ಸಣ್ಣ ದೋಣಿಯಲ್ಲೋ ಕೂತವನ ಕಣ್ಣು ನೀರಿನಿಂದ 2 ಮೀಟರ್ ಮೇಲಿದ್ದರೆ ಅವನದು 3 ಮೈಲು. ಒಟ್ಟು 19, ಅಂದರೆ 35 ಕಿಲೋಮೀಟರ್. ದೊಡ್ಡ ಕಂಟೇನರ್ ಹಡಗಿನಲ್ಲಿ 25 ಮೀಟರ್ ಎತ್ತರದಲ್ಲಿ ನಿಂತವನಿಗೆ ಅದೇ ದೀಪ 26 ಮೈಲಿನಿಂದ ಕಾಣುತ್ತದೆ. ಅಂದರೆ ಒಂದೇ ದೀಪ ದೊಡ್ಡವನಿಗೆ ಬೇಗ, ಬಡವನಿಗೆ ತಡವಾಗಿ ಕಾಣುತ್ತದೆ. ನಿಮಗೆ ಯಾರೋ ಹೇಳಿದ 50 ಕಿಲೋಮೀಟರ್ ಇದೆಯಲ್ಲ, ಅದು ದೀಪದ ಶಕ್ತಿಯ ಲೆಕ್ಕ, 28 ನಾಟಿಕಲ್ ಮೈಲು. ಅಷ್ಟು ದೂರ ಹೋಗುವ ತಾಕತ್ತು ಬೆಳಕಿಗಿದೆ, ಆದರೆ ನೀವು ಅಷ್ಟು ಎತ್ತರದಲ್ಲಿ ನಿಂತಿರಬೇಕು. ಒಮ್ಮೊಮ್ಮೆ ದೀಪ ಇನ್ನೂ ಮುಳುಗಿರುವಾಗಲೇ ಅದರ ಮೇಲಿನ ಆಕಾಶ ಮಿಣುಕುವುದು ಕಾಣುತ್ತದೆ. ಊರು ಹತ್ತಿರ ಬಂತು ಅಂತ ನಾವಿಕನಿಗೆ ಮೊದಲು ಗೊತ್ತಾಗುವುದು ಹಾಗೆ.

ಹಾಗಾಗಿ ಎತ್ತರವೇ ಎಲ್ಲ. 1844ರಲ್ಲಿ ಕ್ಯಾಪ್ಟನ್ ಜೆ. ಟಿ. ಸ್ಮಿತ್ ಎಂಬ ಮದರಾಸ್ ಎಂಜಿನಿಯರ್ಸ್‌ನ ಅಧಿಕಾರಿ ಕಟ್ಟಿಸಿದ ಕಂಬ ಸುಮಾರು 38 ಮೀಟರ್. ಗ್ರೀಕರ ಡೋರಿಕ್ ಮಾದರಿ, ದೇವಸ್ಥಾನದ ಕಂಬ ಒಂದನ್ನೇ ಕಿತ್ತು ತಂದು ನಿಲ್ಲಿಸಿದ ಹಾಗಿದೆ. ಐವತ್ತು ವರ್ಷ ಅದು ಚೆನ್ನಾಗಿ ಕೆಲಸ ಮಾಡಿತು. ಆಮೇಲೆ ಅದರ ಪಕ್ಕದಲ್ಲೇ ಹೈಕೋರ್ಟ್ ಎದ್ದಿತು, 1892ರಲ್ಲಿ ಮುಗಿಯಿತು. ಕೋರ್ಟಿನ ಗೋಪುರ ಕಂಬಕ್ಕಿಂತ ಎತ್ತರ, 53 ಮೀಟರ್ ಹತ್ತಿರ. ಇನ್ನೊಂದು ಗೋಪುರ ಕಟ್ಟುವ ಬದಲು ದೀಪವನ್ನೇ ಅಲ್ಲಿಗೆ ಹತ್ತಿಸಿದರು. 1894ರ ಜೂನ್ 1ರಿಂದ ಕೆಳಗೆ ವಕೀಲರ ವಾದ, ಮೇಲೆ ಸೀಮೆಎಣ್ಣೆ ದೀಪ. ಕೋರ್ಟಿನ ನೆತ್ತಿಯ ಮೇಲೆ ಲೈಟ್‌ಹೌಸ್ ಇಟ್ಟ ಊರು ಪ್ರಪಂಚದಲ್ಲಿ ಜಾಸ್ತಿ ಇರಲಿಕ್ಕಿಲ್ಲ.

ಬಂದರು ಕಟ್ಟುವ ಕೆಲಸವೂ ಇದೇ ಕಾಲದಲ್ಲೇ ಒದ್ದಾಡಿಕೊಂಡು ನಡೆಯುತ್ತಿತ್ತು. 1875ರಲ್ಲಿ ಶುರು. ಕಡಲಿಗೆ ಎರಡು ತೋಳು ಚಾಚಿದ ಹಾಗೆ ಕಲ್ಲಿನ ತಡೆಗೋಡೆ ಕಟ್ಟಿದರು. 1881ರ ನವೆಂಬರಿನಲ್ಲಿ ಚಂಡಮಾರುತ ಬಂದು ಆ ತೋಳುಗಳನ್ನು ಮುರಿದು ಹಾಕಿತು. ಮತ್ತೆ ಕಟ್ಟಿದರು. ಬಾಗಿಲು ಪೂರ್ವಕ್ಕೆ, ಅಂದರೆ ನೇರ ಅಲೆಗೆ ಎದುರಾಗಿ ಇಟ್ಟದ್ದು ತಪ್ಪು ಅಂತ ಆಮೇಲೆ ಗೊತ್ತಾಯಿತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಫ್ರಾನ್ಸಿಸ್ ಸ್ಪ್ರಿಂಗ್ ಎಂಬವರು ಬಂದರಿನ ಹೊಣೆ ಹೊತ್ತ ಮೇಲೆ ಆ ಬಾಗಿಲು ಮುಚ್ಚಿ ಈಶಾನ್ಯಕ್ಕೆ ಹೊಸ ಬಾಗಿಲು ತೆರೆದರು. ವಾಸ್ತು ನೋಡಿ ಅಲ್ಲ, ಅಲೆ ನೋಡಿ.

ಹೆಸರು ಹೇಳುವ ದೀಪಕ್ಕೆ ಒಂದು ಪೇಚೂ ಇದೆ. ಶತ್ರುವಿಗೂ ಅದು ಅಷ್ಟೇ ಪ್ರಾಮಾಣಿಕವಾಗಿ ಹೆಸರು ಹೇಳುತ್ತದೆ. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಯುದ್ಧನೌಕೆ ಎಂಡೆನ್ ಮದರಾಸಿಗೆ ಬಂದಾಗ ಯುದ್ಧ ಶುರುವಾಗಿ ಎರಡು ತಿಂಗಳಾಗುತ್ತಾ ಬಂದಿತ್ತು, ಆದರೂ ಊರಿನ ದೀಪಗಳೂ ಲೈಟ್‌ಹೌಸೂ ಎಂದಿನಂತೆ ಉರಿಯುತ್ತಿದ್ದವು. ಅದು ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿ ಹೋಯಿತು. ಒಂದು ಗುಂಡು ಹೈಕೋರ್ಟಿನ ಕಾಂಪೌಂಡ್ ಗೋಡೆಗೂ ಬಿತ್ತು, ಅಲ್ಲಿ ಫಲಕ ಇದೆ. ತಮಿಳಿನಲ್ಲಿ ಇವತ್ತಿಗೂ ಭಾರೀ ಚಾಲಾಕಿ ಆಸಾಮಿಗೆ "ಎಂಡನ್" ಅನ್ನುತ್ತಾರೆ.

ಇನ್ನು ಮರೀನಾ. ಮಗಳು ಗೋಪುರದ ಮೇಲಿಂದ ಅಷ್ಟಗಲದ ಮರಳು ನೋಡಿರುತ್ತಾಳೆ, ಅಲ್ವಾ? ಅದರಲ್ಲಿ ಬಹುಪಾಲು ಬಂದರಿನ ಕೊಡುಗೆ. ಆ ತೀರದಲ್ಲಿ ವರ್ಷದ ಜಾಸ್ತಿ ಕಾಲ ಅಲೆಗಳು ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ಸಾಗಿಸುತ್ತವೆ. ಬಂದರಿನ ಗೋಡೆ ಅಡ್ಡ ಬಂತು. ಗೋಡೆಯ ದಕ್ಷಿಣಕ್ಕೆ ಮರಳು ಬಂದು ಬಂದು ಬಿದ್ದು ಬೀಚ್ ಅಗಲವಾಯಿತು. ಉತ್ತರದ ರಾಯಪುರಂ ಕಡೆಗೆ ಮರಳು ಹೋಗುವುದು ನಿಂತು ಕಡಲು ನೆಲವನ್ನು ತಿನ್ನತೊಡಗಿತು. ನೀವು ಚುರುಮುರಿ ತಿಂದ ಮರಳು ರಾಯಪುರಂ ಜನರ ಪಾಲಿನದು ಅಂದರೂ ತಪ್ಪಿಲ್ಲ. ಆ ಬೀಚಿನ ಪಕ್ಕದಲ್ಲೇ 1977ರ ಜನವರಿಯಲ್ಲಿ ಈಗಿನ ಮೂರು ಮೂಲೆಯ ಕೆಂಪು-ಬಿಳಿ ಗೋಪುರ ಕೆಲಸ ಶುರು ಮಾಡಿತು. ಭದ್ರತೆಯ ಕಾರಣಕ್ಕೆ ಬಹಳ ವರ್ಷ ಸಾರ್ವಜನಿಕರನ್ನು ಬಿಡುತ್ತಿರಲಿಲ್ಲ. 2013ರಲ್ಲಿ ಮತ್ತೆ ತೆರೆದರು.

ಆ ಕೆಂಪು-ಬಿಳಿ ಪಟ್ಟೆ ಅಂದಕ್ಕೆ ಬಳಿದದ್ದಲ್ಲ. ಹಗಲಿನಲ್ಲಿ ದೀಪ ಕೆಲಸಕ್ಕೆ ಬಾರದು, ಆಗ ಬಣ್ಣವೇ ಹೆಸರು. ನಮ್ಮ ಉಡುಪಿ ಹತ್ತಿರದ ಕಾಪು ದೀಪಸ್ತಂಭ ನೋಡಿದ್ದರೆ, ಅದಕ್ಕೆ ಕಪ್ಪು-ಬಿಳಿ ಪಟ್ಟೆ. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ್ದು. ಅದು ಬಂದರು ತೋರಿಸುವ ದೀಪವಲ್ಲ, "ಇಲ್ಲಿ ಕಲ್ಲಿದೆ, ದೂರ ಇರು" ಅನ್ನುವ ದೀಪ. ಎರಡೂ ಲೈಟ್‌ಹೌಸೇ, ಮಾತು ಮಾತ್ರ ಉಲ್ಟಾ.

ಈಗ ಬಲ್ಬಿನ ವಿಷಯ. ಯಾವ ದೀಪವಾದರೂ ಬೆಳಕನ್ನು ನಾಲ್ಕೂ ದಿಕ್ಕಿಗೆ ಚೆಲ್ಲುತ್ತದೆ. ಆಕಾಶಕ್ಕೆ ಹೋದದ್ದು ವ್ಯರ್ಥ, ಗೋಪುರದ ಬುಡಕ್ಕೆ ಬಿದ್ದದ್ದೂ ವ್ಯರ್ಥ. ಮೊದಲು ಹಿಂದೆ ಬಟ್ಟಲಿನಂಥ ಕನ್ನಡಿ ಇಟ್ಟು ನೋಡಿದರು, 1844ರ ಮದರಾಸ್ ದೀಪದಲ್ಲೂ ಅದೇ ವ್ಯವಸ್ಥೆ. ಕನ್ನಡಿ ಒಂದಷ್ಟು ಬೆಳಕನ್ನು ತಾನೇ ನುಂಗುತ್ತದೆ. ಮುಂದೆ ಭೂತಗನ್ನಡಿ ಇಡಬಹುದು, ಆದರೆ ಆಳೆತ್ತರದ ಭೂತಗನ್ನಡಿ ಅಂದರೆ ನಡುವೆ ಎಷ್ಟು ದಪ್ಪ, ಎಷ್ಟು ತೂಕ! ಇದಕ್ಕೆ ದಾರಿ ಹುಡುಕಿದ್ದು ಫ್ರಾನ್ಸಿನ ಫ್ರೆನೆಲ್. ಬೆಳಕನ್ನು ಬಗ್ಗಿಸುವುದು ಗಾಜಿನ ಮೈಯ ಓರೆ ಮಾತ್ರ, ಒಳಗಿನ ದಪ್ಪ ಸುಮ್ನೆ ಭಾರ. ಹಾಗಾದರೆ ಒಳಗಿನದ್ದನ್ನು ತೆಗೆದುಬಿಡಿ, ಓರೆಗಳನ್ನಷ್ಟೇ ಬಳೆಬಳೆಯಾಗಿ ಒಂದರ ಸುತ್ತ ಒಂದು ಜೋಡಿಸಿ. 1823ರಲ್ಲಿ ಬೋರ್ಡೋ ಬಂದರಿಗೆ ಹೋಗುವ ನದಿಬಾಯಿಯ ಕೋರ್ಡುವಾನ್ ದೀಪಸ್ತಂಭದಲ್ಲಿ ಅವನು ಇದನ್ನು ಮಾಡಿ ತೋರಿಸಿದ. ನಾಲ್ಕು ವರ್ಷದ ನಂತರ, 39ನೇ ವಯಸ್ಸಿಗೆ ತೀರಿಕೊಂಡ. ಕೆಲವು ವ್ಯಾನುಗಳ ಹಿಂದಿನ ಗಾಜಿಗೆ ಗೆರೆಗೆರೆಯ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರಲ್ಲ, ಬೆರಳಾಡಿಸಿದರೆ ಗ್ರಾಮಫೋನ್ ತಟ್ಟೆಯ ಹಾಗೆ ಗೀರುಗೀರು ಸಿಗುತ್ತದೆ, ಅದೂ ಫ್ರೆನೆಲ್ ಮಸೂರವೇ.

ದೊಡ್ಡ ಮಸೂರದ ಒಳಗೆ ನಿಂತು ಹೊರಗೆ ನೋಡುವುದು ಒಂದು ವಿಚಿತ್ರ ಅನುಭವ. ಗಾಜಿನ ಗೂಡಿನಲ್ಲಿ ಸಿಕ್ಕಿಬಿದ್ದ ಹಾಗೆ ಇರುತ್ತದೆ. ನಡುವಿನ ಗುಂಡಿನಲ್ಲಿ ಕಡಲು ತಲೆಕೆಳಗಾಗಿ, ಆಕಾಶ ಕೆಳಗೆ, ದೋಣಿಗಳು ಮೇಲಿನಿಂದ ಜೋತುಬಿದ್ದಿರುತ್ತವೆ. ಸುತ್ತಲಿನ ಒಂದೊಂದು ಬಳೆಯಲ್ಲೂ ಕಾಮನಬಿಲ್ಲಿನ ಚೂರು. ಆದರೆ ಹಗಲಿನಲ್ಲಿ ಅದನ್ನು ಬರಿದೇ ಬಿಡುವಂತಿಲ್ಲ. ಬೆಳಿಗ್ಗೆ ದೀಪ ಆರಿಸಿದ ಮೇಲೆ ಮೊದಲ ಕೆಲಸ ಸುತ್ತ ಪರದೆ ಎಳೆಯುವುದು. ಒಳಗಿನ ಬೆಳಕನ್ನು ಹೊರಗೆ ಕಳಿಸುವ ಗಾಜು ಹೊರಗಿನ ಬಿಸಿಲನ್ನು ಒಳಗೆ ಒಂದೇ ಬಿಂದುವಿಗೆ ತರುತ್ತದೆ, ಮರೆತರೆ ಏನಾದರೂ ಹೊತ್ತಿಕೊಂಡಂತೆಯೇ.

ಇಲ್ಲಿ ಎಲ್ಲರೂ ತಪ್ಪು ತಿಳಿಯುವ ಒಂದು ಸಂಗತಿ ಇದೆ. ಇಂಥ ದೀಪಗಳಲ್ಲಿ ಬಲ್ಬು ಮಿನುಗುವುದಿಲ್ಲ, ರಾತ್ರಿಯಿಡೀ ಒಂದೇ ಸಮ ಉರಿಯುತ್ತದೆ. ಅದರ ಸುತ್ತ ಮಸೂರ ತಿರುಗುತ್ತದೆ. ಮಸೂರದ ಒಂದು ಹಲಗೆ ನಿಮ್ಮ ಕಡೆ ಬಂದಾಗ ಮಿಂಚು, ದಾಟಿದಾಗ ಕತ್ತಲು. ಎರಡು ಹಲಗೆ ಪಕ್ಕಪಕ್ಕ ಇದ್ದರೆ ಎರಡು ಮಿಂಚು, ಆಮೇಲೆ ದೊಡ್ಡ ಕತ್ತಲು. ಚೆನ್ನೈ ದೀಪದ ಲೆಕ್ಕ 10 ಸೆಕೆಂಡಿಗೆ ಎರಡು ಮಿಂಚು. ಅಕ್ಕಪಕ್ಕದ ಎರಡು ದೀಪಸ್ತಂಭಗಳಿಗೆ ಒಂದೇ ಲೆಕ್ಕ ಇಡುವುದಿಲ್ಲ. ನಾವಿಕ ಎಣಿಸುತ್ತಾನೆ, ನಕ್ಷೆ ನೋಡುತ್ತಾನೆ, ಹೆಸರು ಸಿಕ್ಕಿತು. ಈಗಿನ ಎಲ್‌ಇಡಿ ದೀಪಗಳಲ್ಲಿ ಕೆಲವು ನಿಜವಾಗಿಯೂ ಹೊತ್ತಿ ಆರುತ್ತವೆ, ಆ ಮಾತು ಬೇರೆ.

ಟನ್‌ಗಟ್ಟಲೆ ಗಾಜು ಮತ್ತು ಹಿತ್ತಾಳೆಯನ್ನು ಇಷ್ಟು ನಯವಾಗಿ ತಿರುಗಿಸುವುದು ಹೇಗೆ? ಹತ್ತೊಂಬತ್ತನೇ ಶತಮಾನದ ಕೊನೆಗೆ ಫ್ರೆಂಚರು ಅದನ್ನು ಪಾದರಸದ ತೊಟ್ಟಿಯಲ್ಲಿ ತೇಲಿಬಿಟ್ಟರು. ಒಂದು ಬೆರಳಲ್ಲಿ ನೂಕಿದರೆ ಸಾಕು, ಹೊರಡುತ್ತದೆ. ಪಾದರಸದ ಆವಿ ಮೈಗೆ ವಿಷ ಅನ್ನುವುದನ್ನು ಆಗ ಯಾರೂ ಅಷ್ಟು ತಲೆಗೆ ಹಚ್ಚಿಕೊಳ್ಳಲಿಲ್ಲ, ದೀಪ ಕಾಯುವವರು ಅದರ ಪಕ್ಕದಲ್ಲೇ ವರ್ಷಗಟ್ಟಲೆ ಇದ್ದರು. ಮೋಟಾರು ಬರುವ ಮೊದಲು ತಿರುಗಿಸುತ್ತಿದ್ದುದು ಗಡಿಯಾರದ ಯಂತ್ರ. ಗೋಪುರದ ನಡುವಿನ ಟೊಳ್ಳಿನಲ್ಲಿ ಭಾರದ ಗುಂಡು ನಿಧಾನ ಇಳಿಯುತ್ತಿತ್ತು, ಕೆಲವು ಗಂಟೆಗೊಮ್ಮೆ ಕೈಯಿಂದ ಸುತ್ತಿ ಮೇಲೇರಿಸಬೇಕು. ಹಾಗಾಗಿ ದೀಪ ಕಾಯುವವನಿಗೆ ರಾತ್ರಿ ಪೂರ್ತಿ ನಿದ್ದೆ ಅನ್ನುವುದು ಇರಲಿಲ್ಲ.

ನನಗೂ ಒಂದು ರಾತ್ರಿ ಹಾಗೆ ಕಳೆದಿದೆ. ಕೆಲಸಕ್ಕೆ ಸೇರಿದ ಹೊಸತು, ಕರಾವಳಿಯ ಒಂದು ಗೋಪುರ, ಹೆಸರು ಬೇಡ. ರಾತ್ರಿ ಎರಡರ ಸುಮಾರಿಗೆ ತಿರುಗಿಸುವ ಮೋಟಾರು ಕೈಕೊಟ್ಟಿತು. ಬಲ್ಬು ಉರಿಯುತ್ತಲೇ ಇತ್ತು. ಬೆಳಕಿದೆಯಲ್ಲ, ಬೆಳಿಗ್ಗೆ ನೋಡಿಕೊಂಡರಾಯ್ತು ಅಂತ ನಾನು ಕೆಳಗಿಳಿದು ಹಿರಿಯರಿಗೆ ಹೇಳಿದೆ. ಅವರು ಲುಂಗಿ ಕಟ್ಟಿಕೊಳ್ಳುತ್ತಲೇ ಮೆಟ್ಟಿಲು ಹತ್ತಿದರು. "ಆರಿಸು, ಇಲ್ಲಾ ತಿರುಗಿಸು. ನಿಂತ ದೀಪ ಮಾತ್ರ ಬೇಡ." ನಿಂತ ಮಸೂರ ಒಂದೆರಡು ದಿಕ್ಕಿಗೆ ಮಾತ್ರ ಬೆಳಕು ಕೊಡುತ್ತದೆ, ಆ ದಿಕ್ಕಿನಲ್ಲಿದ್ದವನಿಗೆ ಮಿನುಗದ ದೀಪ ಕಂಡು ಅದು ಬೇರೆ ಯಾವುದೋ ಹಡಗಿನದು ಅಂತ ಅನ್ನಿಸಬಹುದು. ಸುಳ್ಳು ಹೆಸರು ಹೇಳುವುದಕ್ಕಿಂತ ಬಾಯಿ ಮುಚ್ಚುವುದು ಮೇಲು. ಆಮೇಲೆ ಬೆಳಗಿನವರೆಗೆ ನಾನು ಕೈಯಲ್ಲಿ ತಿರುಗಿಸಿದೆ, ಅವರು ಪಕ್ಕದಲ್ಲಿ ವಾಚು ಹಿಡಿದು ಕೂತು ಬೈದರು. ಮಾರನೇ ದಿನ ಮೀನು ಹಿಡಿದು ಬಂದವರೊಬ್ಬರು ಗೇಟಿನ ಹತ್ತಿರ ನಿಂತು ಕೇಳಿದರು, "ಏನು ಸ್ವಾಮಿ, ನಿನ್ನೆ ನಿಮ್ಮ ದೀಪ ಕುಡಿದಿತ್ತಾ?"

ದೀಪಸ್ತಂಭ ಹೇಳುವುದು ಊರಿನ ಹೆಸರು. ಬಂದರಿನ ಬಾಗಿಲು ತೋರಿಸುವ ಕೆಲಸ ಸಣ್ಣ ದೀಪಗಳದ್ದು. ತಡೆಗೋಡೆಗಳ ತುದಿಯಲ್ಲಿ ಒಂದು ಕೆಂಪು, ಒಂದು ಹಸಿರು ಇರುತ್ತದೆ. ನಮ್ಮ ದೇಶದ ನಿಯಮದಲ್ಲಿ ಕಡಲಿನಿಂದ ಒಳಗೆ ಬರುವಾಗ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಅಮೆರಿಕದಲ್ಲಿ ಇದು ಉಲ್ಟಾ! ಕೆಲವು ಬಂದರುಗಳಲ್ಲಿ ನನಗೆ ಬಹಳ ಇಷ್ಟದ ಇನ್ನೊಂದು ಉಪಾಯ ಇರುತ್ತದೆ, ಜೋಡಿ ದೀಪ. ಮುಂದಿನದು ತಗ್ಗಿನಲ್ಲಿ, ಹಿಂದಿನದು ಎತ್ತರದಲ್ಲಿ. ಎರಡೂ ಒಂದರ ಮೇಲೊಂದು ನೇರ ಕಂಡರೆ ನೀವು ಆಳದ ಹಾದಿಯ ನಡುವೆ ಇದ್ದೀರಿ. ಮೇಲಿನದು ಎಡಕ್ಕೆ ಸರಿದು ಕಂಡರೆ ನೀವೂ ಎಡಕ್ಕೆ ಸರಿದಿದ್ದೀರಿ, ಬಲಕ್ಕೆ ಬನ್ನಿ. ಯಂತ್ರ ಇಲ್ಲ, ಲೆಕ್ಕ ಇಲ್ಲ, ಕಣ್ಣೊಂದಿದ್ದರೆ ಸಾಕು. ನಮ್ಮ ಕಡೆ ಅಳಿವೆಯಲ್ಲಿ ದೋಣಿ ನುಗ್ಗಿಸುವವರು ತೆಂಗಿನಮರಕ್ಕೂ ಹಿಂದಿನ ಗುಡ್ಡಕ್ಕೂ ನೇರ ಹಿಡಿಯುವುದು ಇದೇ ಲೆಕ್ಕದಲ್ಲಿ.

ಜಿಪಿಎಸ್ ಪ್ರಶ್ನೆಗೆ ಬರೋಣ. ಹೌದು, ಇವತ್ತು ದೊಡ್ಡ ಹಡಗಿಗೆ ದೀಪಸ್ತಂಭವೇ ಆಧಾರ ಅಲ್ಲ, ಹಾಗಂದರೆ ಸುಳ್ಳಾಗುತ್ತದೆ. ಆದರೆ ಜಿಪಿಎಸ್ ಅಂದರೆ ಆಕಾಶದಿಂದ ಬರುವ ಬಹಳ ಕ್ಷೀಣವಾದ ರೇಡಿಯೋ ಸದ್ದು. ಅದನ್ನು ಅಡಗಿಸಬಹುದು, ಅದರ ಹೆಸರಲ್ಲಿ ಸುಳ್ಳೂ ಹೇಳಬಹುದು. 2017ರ ಜೂನಿನಲ್ಲಿ ಕಪ್ಪು ಸಮುದ್ರದಲ್ಲಿ ನೀರಿನ ಮೇಲಿದ್ದ ಹಡಗುಗಳಿಗೆ ಅವುಗಳ ಜಿಪಿಎಸ್ ನೀವು ವಿಮಾನ ನಿಲ್ದಾಣದಲ್ಲಿದ್ದೀರಿ ಅಂತ ತೋರಿಸಿತು. ಆಗ ಕಿಟಕಿಯಿಂದ ಹೊರಗೆ ನೋಡಿ ತಾಳೆ ಹಾಕಲು ಏನಾದರೊಂದು ಬೇಕು. ಇನ್ನೊಂದು, ಕಡಲಿಗೆ ಹೋಗುವವರೆಲ್ಲ ದೊಡ್ಡ ಹಡಗಿನವರಲ್ಲ. ಸಣ್ಣ ದೋಣಿಯಲ್ಲಿ ಮೊಬೈಲ್ ಚಾರ್ಜ್ ಮುಗಿದ ರಾತ್ರಿ ಏನು ಮಾಡಬೇಕು ಹೇಳಿ. ಗೋಪುರಗಳೂ ಸುಮ್ನೆ ಕೂತಿಲ್ಲ. ಈಗ ಹಲವು ಗೋಪುರಗಳ ಮೇಲೆ ರಾಡಾರ್ ಪರದೆಯಲ್ಲಿ ತಮ್ಮ ಗುರುತಿನ ಅಕ್ಷರ ಮೂಡಿಸುವ ರೇಕಾನ್ ಯಂತ್ರ ಇದೆ, ಸುತ್ತಲಿನ ಹಡಗುಗಳ ಗುರುತು ಹಿಡಿಯುವ ಎಐಎಸ್ ಇದೆ. 1927ರ ಲೈಟ್‌ಹೌಸ್ ಕಾಯ್ದೆಯನ್ನು ತೆಗೆದು 2021ರಲ್ಲಿ ಹೊಸ ಕಾಯ್ದೆ ತಂದದ್ದೂ ಇದೆಲ್ಲ ಸೇರಲಿ ಅಂತಲೇ. ಖರ್ಚು ಯಾರದ್ದು ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ಬಂದರಿಗೆ ಬರುವ ಹಡಗುಗಳು ಟನ್ ಲೆಕ್ಕದಲ್ಲಿ ಸುಂಕ ಕಟ್ಟುತ್ತವೆ.

ಹಗಲಿನಲ್ಲಿ ಹತ್ತಿ ಬಂದರೆ ನೋಡಿದ್ದು ಅರ್ಧ ಮಾತ್ರ. ಮುಂದಿನ ಸಲ ಕತ್ತಲಾದ ಮೇಲೆ ಮರಳಿನ ಮೇಲೆ, ಅಂಗಡಿಗಳ ದೀಪಕ್ಕೆ ಬೆನ್ನು ಹಾಕಿ ಮಗಳನ್ನು ನಿಲ್ಲಿಸಿ. ಮೊದಲ ಮಿಂಚಿನಿಂದ ಎಣಿಸಲಿ: ಮಿಂಚು, ಮಿಂಚು, ಕತ್ತಲು, ಮತ್ತೆ ಮೊದಲ ಮಿಂಚು. ಹತ್ತು ಬರಬೇಕು. ಬರದಿದ್ದರೆ ಇನ್ನೊಮ್ಮೆ ವಾಚು ಹಿಡಿದು ಎಣಿಸಿ ನೋಡಿ. ಆಮೇಲೂ ಬರದಿದ್ದರೆ ಮೇಲೆ ಯಾವನೋ ಹೊಸ ಹುಡುಗ ಬೈಸಿಕೊಳ್ಳುತ್ತಿದ್ದಾನೆ ಅಂತ ಅಂದುಕೊಳ್ಳಿ.